ಆ ಮಂಚದ ಮೇಲೆ ಮಲಗಿರುವವರು

ಬೊಮ್ಮಸಂದ್ರ
ಭಾನುವಾರ, 14 ಸೆಪ್ಟೆಂಬರ್ 2014

ಪ್ರೀತಿಯ ದೀಪಶ್ರೀ ಮೇಡಂ ಅವರಿಗೆ ಮಹಾನಂದಾಳ ನಮಸ್ಕಾರಗಳು.

ನೀವು ಜಾಲಹಳ್ಳಿಯಿಂದ ಬಸ್ಸು ಬದಲಿಸಿ ಬದಲಿಸಿ ನಮಗೆ ಇಂಗ್ಲಿಷ್ ಕಲಿಸಲು ಬರುತ್ತೀರಿ. ನಡೆದು ಬರುವಷ್ಟು ಹತ್ತಿರದಲ್ಲಿರುವ ನಾನು ತರಗತಿ ತಪ್ಪಿಸುತ್ತೇನೆ. ಇದು ಸರಿಯಲ್ಲವೆಂದು ನನಗೂ ಗೊತ್ತು. "ಮೇಡಂ ನಿನ್ನ ಕೇಳಾಕತ್ತಿದ್ರು, ಏನಂತ ಹೇಳ್ಲಿ?" ಎಂದು ನಮ್ಮ ಪ್ಯಾಕಿಂಗ್ ವಿಭಾಗದ ಸುಮಂಗಲಾ ಕೇಳಿದಳು. ಅವಳ ಬಾಯಿಗೆ ಒಂದು ಮಾತು ಕೊಟ್ಟರೆ ಅದು ಹತ್ತಾಗಿ ನಿಮ್ಮನ್ನು ಮುಟ್ಟುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಮೊದಲು ಇಂಗ್ಲಿಷಿನಲ್ಲಿಯೇ ಒಂದು ಸಾಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ತಪ್ಪಾಗಿತ್ತೆಂದಲ್ಲ.

ನಮ್ಮ ಮನೆಯವರಿಗೆ ಕೆಲಸದಲ್ಲಿ ಪೆಟ್ಟಾಯಿತು, ಆಸ್ಪತ್ರೆಗೆ ಓಡಾಡುವುದರಲ್ಲಿ ನನ್ನ ಭಾನುವಾರಗಳು ಹೋದವು. ಈ ಮಾತನ್ನು ವಿಭಾಗದಲ್ಲಿ ಯಾರಿಗೂ ಹೇಳಿಲ್ಲ. ನಮ್ಮವರು ಊರಿಗೆ ಹೋಗಿದ್ದಾರೆ, ಇಲ್ಲಿ ಅವರ ಅಣ್ಣ, ನನ್ನ ಬಾವನವರಿಗೆ ಆರಾಮಿಲ್ಲ ಎಂದೇ ಸುಮಂಗಲಾಳೂ ನಂಬಿದ್ದಾಳೆ. ನಿಮಗಾದರೂ ಪೂರ್ತಿ ಹೇಳುತ್ತೇನೆ.

ಮಳೆಗಾಲದ ಶುರುವಿನಲ್ಲಿ ನೀವು ರಿಲೇಟಿವ್ ಕ್ಲಾಜ್ ಪಾಠ ಮಾಡಿದ್ದು ನೆನಪಿದೆಯೇ? 'ಹೂ', 'ವಿಚ್', 'ಹೂಸ್' ಹಾಕಿ ಎರಡು ವಾಕ್ಯಗಳನ್ನು ಒಂದು ಮಾಡುವುದು. ಕನ್ನಡದಲ್ಲಿ 'ನಿನ್ನೆ ಬಂದ ಹುಡುಗಿ' ಎನ್ನುತ್ತೇವೆ, ಬಂದದ್ದು ಮೊದಲು, ಹುಡುಗಿ ಆಮೇಲೆ. ಇಂಗ್ಲಿಷಿನವರು ಹುಡುಗಿಯನ್ನು ಮೊದಲು ತಂದು ನಿಲ್ಲಿಸಿ, ಅವಳು ಮಾಡಿದ್ದನ್ನೆಲ್ಲ ಅವಳ ಬೆನ್ನಿಗೆ ಕಟ್ಟುತ್ತಾರೆ ಎಂದಿರಿ. ಎಲ್ಲರೂ ತಿಣುಕಾಡಿದರು. ನನಗೆ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು. ಅದಕ್ಕೊಂದು ಕಾರಣವಿದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಒಂದು ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಓಡಿಹೋಗುತ್ತೇವೆ. ಉಳಿದ ದಿನವೆಲ್ಲ 'ಹೊಲಕ್ಕೆ ಹೋದವರು', 'ಈಗ ಬಂದು ಉಂಡವರು' ಎಂದೇ ಸಾಗುತ್ತದೆ. ಹೆಸರಿಲ್ಲದೆ ಮನುಷ್ಯನನ್ನು ತೋರಿಸುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅವತ್ತು ನೀವು ಗಂಡನ ಹೆಸರು ಕೇಳಿದಿರಿ. ನಾನು ಎದ್ದು ನಿಂತು, 'ಹಿ ಈಸ್ ದಿ ಮ್ಯಾನ್ ಹೂ ಈಟ್ಸ್ ಫೈವ್ ರೊಟ್ಟಿ' ಎಂದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ನೀವು ಶಭಾಶ್ ಎಂದಿರಿ. ಮನೆಗೆ ಹೋಗಿ ಅವರಿಗೆ ಹೇಳಿದರೆ, "ಐದಲ್ಲ, ನಾಕು. ಮಂದ್ಯಾಗ ನನ್ನ ಮರ್ಯಾದಿ ಕಳದಿ" ಎಂದು ಸಿಟ್ಟಾಗಿ, ಅವತ್ತು ಮೂರೇ ತಿಂದು ಎದ್ದರು.

ಇನ್ನು ನಡೆದ ಸಂಗತಿ. ಅವರು ನಮ್ಮ ಪಕ್ಕದ ಕಾರ್ಖಾನೆಯಲ್ಲಿ ಗುತ್ತಿಗೆ ಆಳು. ನಿಜವಾಗಿ ಆ ಕೆಲಸ ಅವರ ದೊಡ್ಡಪ್ಪನ ಮಗ ಮುತ್ತಣ್ಣ ಬಾವನವರದು. ಬಾವನವರು ಕಾಮಾಲೆಯಾಗಿ ಊರಿಗೆ ಹೋದರು. ಹೀಗಾದಾಗ ನಮ್ಮವರಲ್ಲಿ ತಮ್ಮನೋ ಅಳಿಯನೋ ಅದೇ ಗೇಟ್ ಪಾಸನ್ನು ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಬದಲಿ ನಿಲ್ಲುವುದು ಎನ್ನುತ್ತೇವೆ. ಕೆಲಸವೆಂದರೆ ನಮಗೆ ಹೊಲ ಇದ್ದ ಹಾಗೆ, ಅದು ಮನೆತನದ್ದು. ಅಣ್ಣ ಮಲಗಿದರೆ ತಮ್ಮ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕೈಬಿಟ್ಟು ಹೋಗುತ್ತದೆ. ಅಣ್ಣತಮ್ಮಂದಿರ ಮುಖವೂ ಒಂದೇ ಅಚ್ಚು, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಗುತ್ತಿಗೆದಾರ ಲಕ್ಷ್ಮಯ್ಯನವರಿಗೆ ಎಲ್ಲ ಗೊತ್ತಿತ್ತು. ಆಳು ಕಡಿಮೆ ಬೀಳದಿದ್ದರೆ ಅವರಿಗೆ ಸಾಕು.

ಶೆಡ್ಡಿನ ಮೇಲೆ ಒಡೆದ ಶೀಟು ಬದಲಿಸಲು ಹತ್ತಿದವರು ಶೀಟಿನ ಸಮೇತ ಕೆಳಗೆ ಬಂದರು. ತಲೆಗೆ ಪೆಟ್ಟು. ಕಾರ್ಖಾನೆಯವರೇ ಒಯ್ದು ಆಸ್ಪತ್ರೆಗೆ ಸೇರಿಸಿದರು, ಖರ್ಚೂ ತಮ್ಮದೇ ಎಂದರು. ಕೊರಳಲ್ಲಿದ್ದ ಪಾಸು ನೋಡಿ ಮುತ್ತಣ್ಣ ಎಂದು ಬರೆಸಿದರು.

ನಾನು ಎದ್ದುಬಿದ್ದು ಓಡಿಹೋದರೆ ಲಕ್ಷ್ಮಯ್ಯನವರು ಮೆಟ್ಟಿಲ ಬಳಿಯೇ ತಡೆದರು. "ನೋಡವ್ವ, ಒಳಗಿರೋನು ಮುತ್ತಣ್ಣ. ಬ್ಯಾರೆ ಎಸ್ರು ನಿನ್ ಬಾಯಿಗ್ ಬಂತೋ, ಅವತ್ತೇ ಅವನ್ನ ಆಸ್ಪತ್ರೆಯಿಂದ ಒರಗಾಕ್ತಾರೆ. ಮ್ಯಾಲೆ ಪೋಲೀಸು. ವಾಸಿಯಾಗ್ಲಿ, ನಿನ್ ಗಂಡನ್ನ ನಿನ್ ಕೈಗೇ ಒಪ್ಪುಸ್ತೀನಿ. ಅಲ್ಲೀಗಂಟ ನೀನು ಅವನ ತಂಗಿ" ಎಂದರು. ಕೈ ಮುಗಿದೂ ಹೇಳಿದರು, ಹೆದರಿಸಿಯೂ ಹೇಳಿದರು. ಅವರಿಗೂ ನಡುಕ ಹುಟ್ಟಿತ್ತು, ಸುಳ್ಳೇಕೆ ಹೇಳಲಿ.

ಐಸಿಯು ಒಳಗೆ ಒಬ್ಬರನ್ನೇ ಬಿಡುತ್ತಾರೆ, ಅದೂ ಹೆಂಡತಿಯನ್ನು. ಕಾಗದದಲ್ಲಿ ಮುತ್ತಣ್ಣನ ಹೆಂಡತಿ ಎಂದು ಇರುವುದು ನನ್ನ ನೆಗೆಣ್ಣಿ ಚನ್ನಕ್ಕ. ಊರಿನಿಂದ ಅವಳನ್ನು ಕರೆಸಿದರು. ಬಂದವಳು ಬಾಗಿಲಲ್ಲಿ ನನ್ನ ಕೈ ಹಿಡಿದು, "ತಂಗಿ, ಮೈದುನನ ಮಂಚದ ಬಾಜೂಕ ಹೇಣ್ತಿ ಅಂತ ಹೆಂಗ ಕುಂದರ್ಲಿ? ನನ್ನ ಗಂಡ ಊರಾಗ ಜೀವಂತ ಅದಾನಲ್ಲ" ಎಂದು ಅತ್ತಳು. ಹೋಗಕ್ಕ ಎಂದು ನಾನೇ ಅವಳನ್ನು ಒಳಗೆ ನೂಕಿದೆ. ಅಂಥ ಸಾಧು ಹೆಂಗಸಿನ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಅವಳು ಒಳಗೆ, ನಾನು ಹೊರಗೆ. ಅವರಿಗೆ ಅಂಗಾಲು ತಣ್ಣಗಾದರೆ ನಿದ್ದೆ ಬರುವುದಿಲ್ಲ, ತಿಕ್ಕು ಎಂದು ಹೇಳಿಕೊಟ್ಟೆ. ಅತ್ತಿಗೆ ಮೈದುನನ ಕಾಲು ಮುಟ್ಟುವುದೆಂದರೆ ಅವಳಿಗೆ ಸಂಕಟ, ಆದರೂ ಮುಟ್ಟಿದಳು. ಒಂದು ಮಧ್ಯಾಹ್ನ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದಳು. "ಕಣ್ಣ ತಗದ್ನವ್ವ. ನನ್ನ ನೋಡಿ ಮಾರಿ ಹೊಳ್ಳಿಸಿ ಬಾಗಲ ಕಡೆ ನೋಡಿದ. ನಿನ್ನ ಹುಡಕಾಕತ್ತಾನ" ಎಂದಳು. ನಾನು ಎದ್ದು ಬಾಗಿಲಿಗೆ ಹೋದೆ. ಅಲ್ಲಿದ್ದ ನರ್ಸು ನಾನು ಯಾರೆಂದು ಕೇಳಿದಳು. ತಂಗಿ ಎಂದೆ. ಆಗುವುದಿಲ್ಲ ಎಂದಳು.

ಮರುದಿನ ಅವರ ಕಾರ್ಖಾನೆಯಿಂದ ಒಬ್ಬರು ಮೇಡಂ ಬಂದರು. ಹೊಸಬರು, ಉತ್ತರದ ಕಡೆಯವರು, ಕನ್ನಡ ಒಂದಕ್ಷರ ಬಾರದು. ಒಳ್ಳೆಯ ಮುಖ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ನೀನು ಯಾರು, ಏಕೆ ಇಲ್ಲಿ ಅಳುತ್ತ ಕೂತಿದ್ದೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಲಕ್ಷ್ಮಯ್ಯನವರು ಎದುರಿಗೇ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಚನ್ನಕ್ಕನಿಗೂ ಬಾರದು. ಆ ಜಾಗದಲ್ಲಿ ನನ್ನ ಮಾತು ಅರ್ಥವಾಗುವುದು ಆ ಮೇಡಂಗೆ ಒಬ್ಬರಿಗೇ. ನೀವು ಕಲಿಸಿದ ವಾಕ್ಯ ಬಾಯಿಯವರೆಗೆ ಬಂದು ನಿಂತಿತ್ತು. ಆ ಮಂಚದ ಮೇಲೆ ಮಲಗಿರುವವರು ನನ್ನ ಗಂಡ. ಅಷ್ಟು ಹೇಳಿದ್ದರೆ ಅವರು ನನ್ನನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರೋ ಏನೋ. ಅಥವಾ ಎದ್ದು ಹೋಗಿ ಡಾಕ್ಟರಿಗೆ ಹೇಳಿ, ಇವರ ಮೂಗಿನ ನಳಿಕೆ ತೆಗೆಸಿ, ಹೊರಗೆ ಹಾಕಿಸುತ್ತಿದ್ದರೋ ಏನೋ. ನನಗೆ ಏನು ಗೊತ್ತು?

'ದಿ ಮ್ಯಾನ್ ಹೂ ಈಸ್ ಲೈಯಿಂಗ್ ಆನ್ ದಟ್ ಬೆಡ್' ಎಂದು ಶುರು ಮಾಡಿದೆ. ನೀವು ಹೇಳಿದಂತೆ ಮನುಷ್ಯನನ್ನು ಮೊದಲು ತಂದು ನಿಲ್ಲಿಸಿದೆ. ಇವರು ಕಣ್ಣು ತೆರೆದು ಬಾಗಿಲ ಕಡೆ ನೋಡಿದರೆಂದು ಚನ್ನಕ್ಕ ಹೇಳಿದ್ದು ನೆನಪಾಯಿತು. ಮೂಗಿನ ನಳಿಕೆಯೂ ನೆನಪಾಯಿತು. 'ಈಸ್ ಮೈ ಬ್ರದರ್' ಎಂದು ಮುಗಿಸಿದೆ.

ಆ ಮೇಡಂಗೆ ಬಲು ಸಂತೋಷವಾಯಿತು. ನನ್ನ ಕೆಲಸ ವಿಚಾರಿಸಿ, ಪ್ಯಾಕಿಂಗ್ ಹೆಂಗಸು ಇಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾಳೆ, ಯಾರು ಕಲಿಸಿದರು ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ನನ್ನ ಭುಜ ತಟ್ಟಿ, ಅಣ್ಣನಿಗೆ ಏನೂ ಆಗುವುದಿಲ್ಲ ಎಂದು ಹೇಳಿ, ಚನ್ನಕ್ಕನನ್ನು ಕರೆದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಅಂದಿನಿಂದ ನನಗೆ ತರಗತಿಗೆ ಬರುವ ಮನಸ್ಸೇ ಹೋಗಿದೆ. ನಿಮ್ಮ ಪಾಠದ್ದು ತಪ್ಪಿಲ್ಲ. ಕೆಟ್ಟ ಇಂಗ್ಲಿಷ್ ಆಗಿದ್ದರೆ ಎರಡು ಸಲ ಕೇಳುತ್ತಿದ್ದರು, ಅಷ್ಟರಲ್ಲಿ ನನಗೆ ಧೈರ್ಯ ಬರುತ್ತಿತ್ತೇನೋ ಎಂದು ಅನಿಸುತ್ತದೆ. ಸುಮ್ಮನೆ ಅನಿಸುತ್ತದೆ, ಅಷ್ಟೇ.

ನೀವು ಓದಿದವರು. ನಿಜ ಹೇಳಿದ್ದರೆ ಅವರನ್ನು ಹೊರಗೆ ಹಾಕುತ್ತಿದ್ದರೇ, ಅಥವಾ ಲಕ್ಷ್ಮಯ್ಯನವರು ತಮ್ಮ ಕೊರಳು ಉಳಿಸಿಕೊಳ್ಳಲು ಹಾಗೆಂದರೇ, ನಿಮಗೆ ಗೊತ್ತಿರುತ್ತದೆ. ಹಾಕುತ್ತಿದ್ದರು ಎಂದಾದರೆ ಒಂದು ಸಾಲು ಬರೆದು ಕಳಿಸಿ. ಇಲ್ಲ ಎಂದಾದರೆ ದಯವಿಟ್ಟು ನನಗೆ ಏನೂ ಬರೆಯಬೇಡಿ.

ನೀವು ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದ
ಮಹಾನಂದಾ

ಮತ್ತೊಂದು ಮಾತು: ಅವರು ಈಗ ಹೇಗಿದ್ದಾರೆಂದು ಮೇಲೆ ಎಲ್ಲಿಯೂ ಬರೆಯಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಕಾರ್ಖಾನೆಯ ಕ್ಯಾಂಟೀನಿನ ಹೆಂಗಸರು ಬಂದಿದ್ದರು. ಈ ಊರಿನವರು, ಅವರಿಗೆ ನಮ್ಮ ಪೈಕಿ ಯಾರು ಯಾರೆಂದು ತಿಳಿಯದು, ಪದ್ಧತಿ ಮಾತ್ರ ತಿಳಿದಿತ್ತು. ಚನ್ನಕ್ಕನನ್ನು ಕೂರಿಸಿ ಅವಳ ಬಳೆ ಒಡೆದರು. ಬ್ಯಾಡ, ಬ್ಯಾಡ್ರವ್ವಾ ಎಂದು ಅವಳು ಚೀರಿಕೊಂಡಳು, ದುಃಖಕ್ಕೆ ಚೀರುತ್ತಾಳೆಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. ನಾನು ಅಣ್ಣಾ ಎಂದು ಅತ್ತೆ. ನನ್ನ ಬಳೆ ಕೈಯಲ್ಲಿಯೇ ಇವೆ, ಕುಂಕುಮವೂ ಇದೆ. ಹೊರಡುವಾಗ ಅವರಲ್ಲಿ ಹಿರಿಯಾಕೆ ನನ್ನ ಹಣೆ ನೋಡಿ, ತಲೆ ಸವರಿ, "ನಿನ್ ಗಂಡನ್ನಾದ್ರೂ ಉಸಾರಾಗಿ ನೋಡ್ಕೊ ತಾಯಿ" ಎಂದಳು. ನಾನು ಹೂಂ ಎಂದೆ.