ಮಂಚದ ಕೆಳಗಿನ ಚಪ್ಪಲಿ

ರೀಗಾ, ಮಂಗಳವಾರ

ಪ್ರೀತಿಯ ಐವಿಂಡ್,

ಈ ಪತ್ರದ ಜೊತೆಗಿರುವ ಪೊಟ್ಟಣದಲ್ಲಿ ನನ್ನ ಉಣ್ಣೆಯ ಚಪ್ಪಲಿ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ ಇವೆ. ಚಪ್ಪಲಿಯನ್ನು ಮಂಚದ ಕೆಳಗೆ, ನಾನು ಮಲಗುವ ಬದಿಗೆ ಇಡು. ಉಳಿದೆರಡು ಬಚ್ಚಲುಮನೆಯ ಕನ್ನಡಿಯ ಮುಂದಿರಲಿ.

"ಶುಕ್ರವಾರ ಬರುವಾಗ ನೀನೇ ಯಾಕೆ ತರಬಾರದು?" ಎಂದು ಕೇಳುತ್ತೀಯ. ತಂದರೆ, ಹೊರಡುವಾಗ ನನ್ನ ಕೈ ಅವನ್ನು ಮತ್ತೆ ಬ್ಯಾಗಿಗೆ ತುಂಬಿಬಿಡುತ್ತದೆ. ಒಂದು ವರ್ಷದಿಂದ ನಾನು ವಿಮಾನ ಇಳಿಸಿದ ಊರಿನ ಹೋಟೆಲಿನಲ್ಲೇ ಮಲಗಿ, ಬೆಳಿಗ್ಗೆ ಏನನ್ನೂ ಬಿಡದೆ ಹೊರಟು ರೂಢಿಯಾಗಿದೆ. ಭಾನುವಾರ ನಮ್ಮ ಮನೆಯಲ್ಲೂ ಹಾಗೇ ಮಾಡಿದೆ. ಬಳಸಿದ ಟವೆಲುಗಳನ್ನು ನೆಲದ ಮೇಲೆ ರಾಶಿ ಹಾಕಿದೆ, ಕಪಾಟು ತೆರೆದು ನೋಡಿದೆ, ಬಗ್ಗಿ ಮಂಚದ ಕೆಳಗೂ ಇಣುಕಿದೆ. ನೀನು ಕಾಫಿ ಹಿಡಿದು ಬಾಗಿಲಲ್ಲಿ ನಿಂತು, ಹೋಟೆಲಿನವರ ಧಾಟಿಯಲ್ಲಿ, "ಏನೂ ಬಿಟ್ಟಿಲ್ಲ ತಾನೇ ಮೇಡಂ? ನಮ್ಮಲ್ಲಿ ತಿಂಡಿ ಹಿಡಿಸ್ತಾ? ಮತ್ತೆ ಬನ್ನಿ" ಅಂದೆ. ನಾನು ನಕ್ಕೆ. ನೀನು ನಗಲಿಲ್ಲ.

ಇನ್ನು ಮುಂದೆ ಸಂಜೆಗೆ ನಮ್ಮೂರು ಬೆರ್ಗೆನ್‌ಗೆ ಮರಳುವ ಸಣ್ಣ ವಿಮಾನಗಳನ್ನೇ ಕೊಡಿ ಎಂದು ಕಚೇರಿಗೆ ಬರೆದಿದ್ದೇನೆ. "ದೊಡ್ಡ ವಿಮಾನ ಬಿಟ್ಟು ಪುಟಾಣಿ ಹಾರಿಸ್ತೀಯಾ? ತಲೆ ಕೆಟ್ಟಿದ್ಯಾ?" ಎಂದರು ಮುಖ್ಯ ಪೈಲಟ್. "ಹಾರಿಸ್ತೀನಿ" ಅಂದೆ. ಅವರು ಒಪ್ಪುವವರೆಗೂ ಕೇಳುತ್ತಲೇ ಇರುತ್ತೇನೆ.

ಶುಕ್ರವಾರ ಬರುತ್ತೇನೆ. ಸೋಮವಾರ ಹೊರಡುವಾಗ ಮಂಚದ ಕೆಳಗೆ ಬಗ್ಗಿಯೇ ಬಗ್ಗುತ್ತೇನೆ, ಅದು ನನ್ನ ಕೈಮೀರಿದ್ದು. ಚಪ್ಪಲಿಗೆ ಕೈ ಹಾಕಿದರೆ ಕಸಿದುಕೋ. ಜಗಳವಾದರೂ ಸರಿ, ಅದು ಅಲ್ಲೇ ಇರಬೇಕು.

ನಿನ್ನ ಮನೆಯವಳು,
ರಾಗ್ನಿ