ಪಾರವ್ವನ ಶ್ರುತಿ

ಸದಾಶಿವ ಪೇಠ, ಪುಣೆ
೧೪ ಫೆಬ್ರವರಿ ೧೯೩೮

ಚಿ. ಸೌ. ಪಾರವ್ವನಿಗೆ ಅಪ್ಪನ ಆಶೀರ್ವಾದಗಳು.

ನಾನೂ ನಿನ್ನ ಅವ್ವನೂ ಕ್ಷೇಮ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮನೆಗೆ ಬಂದ ಅಂಚೆಯನ್ನು ಮೊದಲು ನಿನ್ನ ಮಾವನವರೇ ಒಡೆದು ಓದುತ್ತಾರೆಂದು ಬರೆದಿದ್ದೆಯಲ್ಲ. ಅದಕ್ಕೇ ನಿನ್ನ ಸೋದರಮಾವ ಹೊಳಬಸಪ್ಪ ಬಾಗಲಕೋಟೆಗೆ ಹೊರಡುವುದನ್ನು ಕಾದೆ. ಅವನ ಕೈಯಿಂದಲೇ ತೆಗೆದುಕೊ.

ಶನಿವಾರ ನಮ್ಮ ಸಂಘದ ವಾದ್ಯವೃಂದದ ಕಛೇರಿ ಮುಗಿಯಿತು. ಮುಗಿಯಿತೆಂಬುದೇ ಸಮಾಧಾನ. ಕಾರ್ಯದರ್ಶಿಯಾಗು ಎಂದು ನನಗೆ ಹೇಳಿದ ಪುಣ್ಯಾತ್ಮ ಸಿಕ್ಕರೆ ಕೇಳುವುದು ಬಹಳ ಇದೆ.

ಹದಿನಾಲ್ಕು ವಾದ್ಯಗಳ ಜೊತೆ ಹಾಡಬೇಕಾಗಿದ್ದವಳು ನೀನು. ನಿನ್ನ ಗುರು ಪ್ರಲ್ಹಾದರಾಯರು ವಾದ್ಯಗಳನ್ನೆಲ್ಲ ನಿನ್ನ ದನಿಯ ಶ್ರುತಿಗೇ ಕೂಡಿಸಿ ಎರಡು ತಿಂಗಳು ತಾಲೀಮು ಮಾಡಿಸಿದ್ದರು. "ಮನೆತನದ ಸೊಸಿ ಮಂದಿ ಮುಂದ ಕುಂತು ಹಾಡೂದಿಲ್ರಿ" ಎಂದು ನಿನ್ನ ಮಾವನವರು ಹೇಳಿಕಳಿಸಿದ್ದು ಕಛೇರಿ ಒಂದು ವಾರವಿದೆ ಎನ್ನುವಾಗ! ಓಡಾಡಿ ನಿನ್ನ ಬದಲಿಗೆ ಕೊಲ್ಹಾಪುರದ ರಾಧಾಬಾಯಿಯವರನ್ನು ಕರೆಸಿದೆವು. ಇನ್ನೊಬ್ಬ ಅತಿಥಿ ಮುಂಬಯಿಯ ಪಿಟೀಲುಗಾರ ಮಧುಕರರಾವ್.

ತಂಬೂರಿ ಕಿವಿಗೆ ಬಿದ್ದದ್ದೇ ತಡ, ಬಾಯಿಯವರು, "ಇಷ್ಟು ಎತ್ತರ ಹುಡುಗಿಯರಿಗೆ ಸರಿ, ನನಗೆ ಇಳಿಸಿರಿ" ಎಂದರು. ಸಿತಾರುಗಳ ತಂತಿ ಸಡಿಲಿಸಿದ್ದಾಯಿತು. ಜಲತರಂಗದ ಬಟ್ಟಲುಗಳಿಗೆ ಇನ್ನಷ್ಟು ನೀರು ಹೊಯ್ದದ್ದಾಯಿತು. ಕೊಳಲಿಗೆ ಏನು ಮಾಡುವುದು? "ಸೆಕ್ರೆಟರಿಸಾಹೇಬ್ರ, ನನ್ನ ಬಿದಿರಿಗೂ ನೀರು ಹೊಯ್ತೀರೇನ್ರಿ?" ಎಂದು ಕೊಳಲಿನ ಅಪ್ಪಾಸಾಹೇಬ ಕೇಳಿದ. ಎರಡು ತಿಂಗಳು ಊದಿದವನು ಶನಿವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತ.

ಆಮೇಲೆ ಮಧುಕರರಾಯರ ಮುನಿಸು. ಕೊನೆಯ ಸರದಿ ಹಿರಿಯರದಂತೆ, ಹಿರಿಯರು ತಾವಂತೆ. "ಬಾಯಿ ಕೊನೆಗೆ ಹಾಡುವುದಾದರೆ ನಾನು ಸ್ಟೇಶನ್ನಿಗೆ ಹೊರಟೆ" ಎಂದರು. ಬಾಯಿಯವರು ವೀಳ್ಯದೆಲೆ ಮಡಚುತ್ತ, "ಪಾಪ, ಟಾಂಗಾ ಕರೆಸಿಕೊಡಿ" ಎಂದರು. ಚಹ ತಂದ ನಿನ್ನ ಅವ್ವ ನನ್ನ ಮುಖ ನೋಡಿ, "ಮದುವಿ ಮನ್ಯಾಗ ಬೀಗರನ್ನ ಸಂಭಾಳಸೂದು ಇದಕ್ಕಿಂತ ಹಗೂರಿತ್ತು ನೋಡ್ರಿ" ಎಂದಳು. ಕಡೆಗೆ ಇಬ್ಬರೂ ಕೂಡಿ ಭೈರವಿಯಿಂದ ಮುಗಿಸಲಿ ಎಂದು ಒಪ್ಪಿಸಿದೆ. ಮುಗಿಸಬೇಕಲ್ಲ! ಮೊದಲು ನಿಲ್ಲಿಸಲು ಇಬ್ಬರೂ ತಯಾರಿಲ್ಲ. ತಬಲಾದವನು ಇವತ್ತಿಗೂ ತೋಳಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾನೆ.

ಆದರೆ ಇದ್ದದ್ದನ್ನು ಹೇಳಬೇಕು: ನಿನಗೆಂದು ಕೂಡಿಸಿದ್ದ ಭೀಮಪಲಾಸ ರಾಗವನ್ನು ಬಾಯಿಯವರು ಬಹಳ ಚೆನ್ನಾಗಿ ಹಾಡಿದರು. ಥಿಯೇಟರು ತುಂಬಿತ್ತು.

ಅವ್ವ ಶೇಂಗಾ ಚಟ್ನಿ ಕಳಿಸಿದ್ದಾಳೆ. ಮೈ ಕಡೆ ಲಕ್ಷ್ಯವಿರಲಿ. ದೇವರು ನಿನ್ನನ್ನೂ ನಿನ್ನ ದನಿಯನ್ನೂ ಕಾಯಲಿ.

ನಿನ್ನ ಅಪ್ಪ,
ಶಿವಪುತ್ರಪ್ಪ

ತಾ. ಕ.: ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಅರಳೆ ವ್ಯಾಪಾರಕ್ಕೆಂದು ಪುಣೆಗೆ ಬಂದಿದ್ದ ನಿನ್ನ ಮಾವನವರು ಶನಿವಾರ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಭೀಮಪಲಾಸ ಮುಗಿದ ಕೂಡಲೇ ಎದ್ದು, ಬಾಯಿಯವರಿಗೆ ತಮ್ಮ ಕಡೆಯಿಂದ ಒಂದು ಬೆಳ್ಳಿಯ ಪದಕ ಎಂದರು. ಪದಕ ಕೊಟ್ಟವರ ಹೆಸರನ್ನು ವೇದಿಕೆಯಿಂದ ಸಾರುವುದು ಕಾರ್ಯದರ್ಶಿಯ ಕೆಲಸ. ಸಾರಿದೆ. ಕೆಳಗಿಳಿದಾಗ ನನ್ನ ಕೈ ಹಿಡಿದುಕೊಂಡರು. "ಬೀಗರ, ಇಂಥಾ ದನಿ ಇರೂ ಮನಿ ಭಾಳ ಪುಣ್ಯಾ ಮಾಡಿರಬೇಕ್ರಿ" ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನೀನು ಹಾಡಿದ್ದನ್ನು ಅವರು ಒಮ್ಮೆಯೂ ಕೇಳಿಲ್ಲ, ಅಲ್ಲವೆ? ನಾನು "ಹೌದ್ರಿ" ಎಂದೆ. ಅಷ್ಟೇ ಎಂದೆ, ಪಾರೂ.