ಜ್ವರದ ಕೋಣೆಯ ಬಾಗಿಲು

ಆಯಮ್ಮನವರಿಗೆ,

ನಿಮ್ಮ ಎರಡು ಹಲ್ಲು ಉದುರಿಸಿದವನು ಬರೆಯುತ್ತಿದ್ದೇನೆ. ಓದಿ ಮುಗಿಸಿ, ಆಮೇಲೆ ಬೇಕಾದರೆ ಕಾಗದವನ್ನು ಒಲೆಗೆ ಹಾಕಿ.

ಮೊದಲು ಸಿರಪ್ಪಿನ ವಿಷಯ. ಕೊರೋನಾದಿಂದ ಒಂದೂವರೆ ವರ್ಷ ಮುಚ್ಚಿದ್ದ ಶಾಲೆ ತೆರೆದು ಮೂರು ವಾರವಾಗಿತ್ತು. ಮಾಸ್ಕು, ಬೆಂಚಿಗೊಬ್ಬರು, ಗೇಟಿನಲ್ಲಿ ನೀವು ಜ್ವರ ನೋಡುವುದು, ಒಂದು ಮಗುವಿಗೆ ಜ್ವರ ಬಂದರೆ ಇಡೀ ತರಗತಿಗೆ ಎರಡು ವಾರ ರಜೆ. ಅಷ್ಟು ನಿಯಮಗಳಲ್ಲಿ ನನ್ನ ತಲೆಗೆ ಹೊಕ್ಕಿದ್ದು ಕೊನೆಯದೊಂದೇ. ಮನೆಯಲ್ಲಿ ಮಗಳು ಮತ್ತು ನಾನು ಇಬ್ಬರೇ. ಅವಳ ಅಮ್ಮನನ್ನು ಇದೇ ಕಾಯಿಲೆಗೆ ಆಸ್ಪತ್ರೆಯವರು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡವರು ಮತ್ತೆ ಅವಳ ಮುಖ ತೋರಿಸಲಿಲ್ಲ. ನಾನು ಬಡಗಿ, ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರಿಲ್ಲ. ಆ ಬೆಳಿಗ್ಗೆ ಅವಳ ಮೈ ಕಾದಿತ್ತು. ಎರಡು ಮುಚ್ಚಳ ಜ್ವರದ ಸಿರಪ್ ಕುಡಿಸಿ, 'ಯಾರು ಕೇಳಿದ್ರೂ ಚೆನ್ನಾಗಿದ್ದೀನಿ ಅನ್ನು' ಎಂದು ಹೇಳಿಕೊಟ್ಟು ಕಳಿಸಿದೆ. ಗೇಟಿನಲ್ಲಿ ನಿಮ್ಮ ಕಣ್ಣಿಗೆ ಮಣ್ಣೆರಚಿದೆನೆಂದು ಒಳಗೊಳಗೇ ಹಿಗ್ಗಿದೆ.

ಊಟದ ಬಿಡುವಾದ ಮೇಲೆ ನೀವು ಇನ್ನೊಂದು ಸಲ ನೋಡುತ್ತೀರೆಂದು ನನಗೇನು ಗೊತ್ತು? ಯಾವ ಸುತ್ತೋಲೆಯಲ್ಲೂ ಅದಿರಲಿಲ್ಲ. ಔಷಧಿ ಕುಡಿಸಿ ಕಳಿಸುವ ನನ್ನಂಥವರ ಬಂಡವಾಳ ನಿಮಗೆ ಗೊತ್ತಿತ್ತು, ಅಷ್ಟೇ.

ಶಾಲೆಯಿಂದ ಫೋನು ಬಂದ ಕೂಡಲೇ ಓಡಿ ಬಂದೆ. ಮಗುವನ್ನು ಬೇರೆ ಕೋಣೆಯಲ್ಲಿ ಕೂರಿಸಿದ್ದಾರೆ ಎಂದರು. ಬಾಗಿಲು ತಳ್ಳಿದೆ, ಜಗ್ಗಲಿಲ್ಲ. ಒಳಗೆ ಅವಳು ಅಳುತ್ತಿದ್ದಳು. ಬೀಗ ಹಾಕಿದ್ದಾರೆ ಅಂದುಕೊಂಡೆ. ಆಸ್ಪತ್ರೆಯ ಬಾಗಿಲು ಕಣ್ಣ ಮುಂದೆ ಬಂತು. ಒದ್ದೆ. ಮೂರನೆಯ ಒದೆತಕ್ಕೆ ಹಲಗೆ ಸೀಳಿತು. ನೀವು ಓಡಿ ಬಂದು, 'ಅಣ್ಣ, ಸ್ವಲ್ಪ ತಡೀರಿ, ಅದು' ಎಂದಿರಿ. ಮಾತು ಮುಗಿಸಲು ಬಿಡದೆ ಬಾಯಿಗೇ ಗುದ್ದಿದೆ. ಬಿದ್ದ ನಿಮ್ಮ ಕೂದಲು ಹಿಡಿದೆತ್ತಿ ಬಾಗಿಲ ಹೊರಗಿದ್ದ ಮೇಜಿನ ಅಂಚಿಗೆ ಬಡಿದೆ. ನಿಮ್ಮ ಮಾಸ್ಕು ಒಳಗಿನಿಂದ ಕೆಂಪಾಯಿತು. ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿ ಒಡೆದು, ಅದು ಮಾಸ್ಕಿನಲ್ಲಿ ಇಂಗಿ ಹರಿದ ತುಟಿಗೆ ತಾಗಿದಾಗ ನೀವು ಚೀರಿದಿರಿ. ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ. ಹೊಟ್ಟೆಗೆ ಒದ್ದೆ. ಹಲಗೆಯ ಸೀಳಿನಿಂದ ಮಗಳು ಎಲ್ಲವನ್ನೂ ನೋಡುತ್ತಿದ್ದಳು.

ಆ ಬಾಗಿಲು ಹೊರಕ್ಕೆ ಎಳೆಯುವಂಥದ್ದು. ಶಾಲೆ ತೆರೆಯುವ ಮುಂಚೆ, ಒಳಗೆ ಮಂಚ ಹಾಕಲು ಜಾಗ ಬೇಕೆಂದಾಗ, ಕೀಲು ಕಿತ್ತು ಅದನ್ನು ಹಾಗೆ ಕೂಡಿಸಿದವನು ನಾನೇ. ಚಿಲಕ ಬಿಚ್ಚಿದವನೂ ನಾನೇ. 'ಮಕ್ಕಳು ಹೆದರ್ಕೋತಾರೆ, ಚಿಲಕ ಬೇಡಣ್ಣ' ಎಂದು ನೀವೇ ಹೇಳಿದ್ದಿರಿ. ನನ್ನ ಕೈಕೆಲಸವೇ ನನಗೆ ಮರೆತುಹೋಯಿತು ನೋಡಿ. ಥೂ ನನ್ನ ಜನ್ಮಕ್ಕೆ.

ಬಾಗಿಲು ಒಡೆದಿದ್ದರಿಂದ ಚಿಲಕ ಇತ್ತೋ ಇಲ್ಲವೋ ಎಂದು ಯಾರೂ ನೋಡಲು ಹೋಗಲಿಲ್ಲ, ನನ್ನ ಸುಳ್ಳು ನಡೆಯಿತು. ಶಾಲೆಯ ವಿಚಾರಣೆಯಲ್ಲಿ ಬೀಗ ಹಾಕಿತ್ತು ಎಂದೆ. ಹೆಡ್‌ಮೇಡಂ ಮಗಳನ್ನು ಕೇಳಿದರು. ಅವಳು ಮೊದಲು ನನ್ನ ಮುಷ್ಟಿ ನೋಡಿದಳು, ಆಮೇಲೆ 'ಹೌದು, ಆಯಮ್ಮ ಬೀಗ ಹಾಕಿದ್ರು' ಎಂದಳು. ಆ ಮಾತು ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ನಿಮ್ಮ ಕೆಲಸ ಹೋಯಿತು. ಹೆತ್ತ ಕರುಳು ಎಂದು ಜನ ನನ್ನ ಬೆನ್ನು ತಟ್ಟಿದರು. ನಾನೂ ತಟ್ಟಿಸಿಕೊಂಡೆ.

ಮೊನ್ನೆ ಮಗಳ ತಲೆ ಬಾಚೋಣವೆಂದು ಬಾಚಣಿಗೆ ಎತ್ತಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಲ್ಲು ಕಾಪಾಡಿಕೊಂಡಳು, ಆಯಮ್ಮ.

ಹೆಡ್‌ಮೇಡಂಗೆ ಸಿರಪ್ಪಿನಿಂದ ಹಿಡಿದು ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಪೊಲೀಸರಿಗೂ ಹೇಳುತ್ತೇನೆ, ಆಗುವುದು ಆಗಲಿ. ಆದರೆ ಮಗು ಹೇಳಿದ್ದು ದಾಖಲೆಯಲ್ಲಿದೆಯಂತೆ. ಅದನ್ನು ಅವಳೇ ತಿದ್ದಿ ಹೇಳದೆ ನಿಮಗೆ ಕೆಲಸ ವಾಪಸು ಸಿಗುವುದಿಲ್ಲವಂತೆ. ಸೋಮವಾರ ಹತ್ತು ಗಂಟೆಗೆ ಅವಳನ್ನು ಶಾಲೆಗೆ ಕರೆದಿದ್ದಾರೆ. 'ನಿಜ ಹೇಳ್ತೀಯಾ ಪುಟ್ಟಿ?' ಎಂದು ಕೇಳಿದೆ.

'ಆಯಮ್ಮ ಪಕ್ಕದಲ್ಲಿದ್ರೆ ಹೇಳ್ತೀನಿ. ನೀನು ಒಳಗೆ ಬರ್ಬಾರ್ದು' ಎಂದಳು.

ದಯವಿಟ್ಟು ಬನ್ನಿ. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತೇನೆ, ಅವಳಿಗೂ ನಿಮಗೂ ಕಾಣದ ಹಾಗೆ.

ನಿಮ್ಮ ಗಾಯ ಬೇಗ ಮಾಯಲಿ, ನಿಮ್ಮ ಮನೆ ತಣ್ಣಗಿರಲಿ.

ಕ್ಷಮಿಸಿ ಎನ್ನುವ ಯೋಗ್ಯತೆಯೂ ಇಲ್ಲದ,
ಮೂರನೇ ತರಗತಿಯ ಆ ಹುಡುಗಿಯ ಅಪ್ಪ